ಆಗಲ್ಲಪ್ಪನವರ ಸಹಿ

ಇಂದಿನ ಸಭೆಯ ಅಧ್ಯಕ್ಷ ಸ್ಥಾನವನ್ನು ಅಲಂಕರಿಸಿರುವ ನಮ್ಮ ಉದ್ಯಮಿಗಳ ಸಂಘದ ಹಿರಿಯರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಲಿಫ್ಟ್ ಪರಿವೀಕ್ಷಣಾ ಇಲಾಖೆಯ ಅಧಿಕಾರಿ ಮೇಡಂ ಅವರೇ, ಈ ಸಮಾರಂಭ ನಡೆಯುತ್ತಿರುವುದೇ ತಮಗಾಗಿ ಎಂದು ಗೊತ್ತಿದ್ದೂ ನಡುವಿನ ಕುರ್ಚಿ ಬಿಟ್ಟು ಕೊನೆಯ ಕುರ್ಚಿಗೆ ಸರಿದು ಕೂತಿರುವ ನಮ್ಮ ಹಿರಿಯ ಮೆಕ್ಯಾನಿಕ್ ಅವರೇ, ನನ್ನ ಕಂಪನಿಯ ಬಳಗದವರೇ, ಬೇರೆ ಬೇರೆ ಕಟ್ಟಡಗಳಿಂದ ಬಂದಿರುವ ನಿವಾಸಿಗಳೇ, ಕಾವಲುಗಾರ ಮಿತ್ರರೇ, ಮತ್ತು ಇಷ್ಟು ಹೊತ್ತು ತಾಳ್ಮೆಯಿಂದ ಕೂತಿರುವ ಸಭಿಕರೇ.

ಅಧ್ಯಕ್ಷರು "ಚಿಕ್ಕದಾಗಿ ಎರಡೇ ಮಾತು" ಎಂದು ಆರಂಭಿಸಿದರು. ಆ ಎರಡು ಮಾತಿಗೆ ನಲವತ್ತು ನಿಮಿಷ ಹಿಡಿಯಿತು. ನಾನು ದೂರುತ್ತಿಲ್ಲ. ಅವರು ಮಾತಾಡಿದಷ್ಟು ಹೊತ್ತು ನನ್ನ ಸರದಿ ಮುಂದೆ ಹೋಗುತ್ತಿತ್ತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವೇ ಆಗುತ್ತಿತ್ತು. ನನ್ನ ಮಗಳು ಈ ಭಾಷಣವನ್ನು ಎರಡು ಹಾಳೆಗಳಲ್ಲಿ ಅಚ್ಚುಕಟ್ಟಾಗಿ ಬರೆದುಕೊಟ್ಟಿದ್ದಾಳೆ. "ಅಪ್ಪ, ಬರೆದಿದ್ದಷ್ಟನ್ನೇ ಓದಿ, ದಾರಿ ಬಿಡಬೇಡಿ" ಎಂದು ಹೇಳಿ ಕಳಿಸಿದ್ದಾಳೆ. ಮೊದಲ ಹಾಳೆಯಲ್ಲಿ ಕಂಪನಿಯ ಸಾಧನೆ ಇದೆ. ಎರಡನೆಯದರಲ್ಲಿ ನಮ್ಮ ಹಿರಿಯ ಮೆಕ್ಯಾನಿಕ್ ಅವರ ಪ್ರಾಮಾಣಿಕತೆ, ಕರ್ತವ್ಯನಿಷ್ಠೆ, ಸಮಯಪಾಲನೆ ಇವೆ. ಈ ಮೂರು ಪದಗಳನ್ನು ಯಾರ ಬೀಳ್ಕೊಡುಗೆಗೆ ಬೇಕಾದರೂ ಓದಬಹುದು. ನನ್ನ ಬೀಳ್ಕೊಡುಗೆಗೂ ಯಾರೋ ಓದುತ್ತಾರೆ. ಆದ್ದರಿಂದಲೇ ನನಗೆ ಆ ಹಾಳೆಯ ಮೇಲೆ ಸ್ವಲ್ಪ ಅನುಮಾನ.

ಈ ಮಹನೀಯರಿಗೆ ಅವರ ತಂದೆತಾಯಿ ಇಟ್ಟ ಹೆಸರು ಒಂದಿದೆ. ಆಹ್ವಾನ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅದನ್ನೇ ಅಚ್ಚು ಹಾಕಿಸಿದ್ದೆವು. ಪತ್ರಿಕೆ ತಲುಪಿದ ಮರುದಿನ ಎಂಟು ಹತ್ತು ಜನ ಫೋನ್ ಮಾಡಿ, "ನಿವೃತ್ತಿ ಆಗ್ತಿರೋರು ಯಾರು ಸಾರ್? ನಮಗೆ ಗೊತ್ತಿಲ್ವಲ್ಲ" ಎಂದರು. "ನಮ್ಮ ಆಗಲ್ಲಪ್ಪನವರು" ಎಂದೆ. "ಅಯ್ಯೋ ಅವರಾ, ಬಂದೇ ಬರ್ತೀವಿ" ಎಂದರು. ಈಗ ಸಭಾಂಗಣ ತುಂಬಿದೆ.

ಈ ಹೆಸರು ಬಂದದ್ದು ಹೇಗೆ? ಮೂವತ್ತೊಂದು ವರ್ಷದ ಹಿಂದೆ ಇವರು ನಮ್ಮಲ್ಲಿಗೆ ಸೇರಿದ ಹೊಸತು. ಲಿಫ್ಟ್ ದುರಸ್ತಿಗೆ ಹೋದ ಕಡೆಯೆಲ್ಲ ಜನ ಏನಾದರೂ ಕೇಳುತ್ತಾರೆ. ಐದು ಜನರ ಲಿಫ್ಟಿನಲ್ಲಿ ಒಂದು ಬೀರು, ಬೀರು ಹಿಡಿದುಕೊಂಡ ಮೂವರು, ದಾರಿ ಹೇಳುವ ಒಬ್ಬರು ಹೋಗಬಹುದೇ? "ಆಗಲ್ಲಪ್ಪ." ಬಾಗಿಲು ಪೂರ್ತಿ ಮುಚ್ಚದಿದ್ದರೂ ಓಡುವ ಹಾಗೆ ಏನಾದರೂ ಮಾಡಿಕೊಡಬಹುದೇ? "ಆಗಲ್ಲಪ್ಪ." ಭಾರ ಹೆಚ್ಚಾದರೆ ಕಿರುಚುವ ಆ ಗಂಟೆಯ ತಂತಿಯನ್ನು ಸುಮ್ಮನೆ ಬಿಚ್ಚಿಡಬಹುದೇ? "ಆಗಲ್ಲಪ್ಪ." ಒಂದು ಕಟ್ಟಡದ ಕಾವಲುಗಾರರು ಇದೇ ಅವರ ಹೆಸರು ಎಂದು ತಿಳಿದು, ಬಾಗಿಲ ಬಳಿಯ ಪುಸ್ತಕದಲ್ಲಿ "ಶ್ರೀ ಆಗಲ್ಲಪ್ಪನವರು ಹತ್ತೂವರೆಗೆ ಬಂದು ಹನ್ನೆರಡಕ್ಕೆ ಹೋದರು" ಎಂದು ಶುದ್ಧವಾಗಿ ಬರೆದಿಟ್ಟರು. ಅವರ ತಪ್ಪಲ್ಲ. ಅಪ್ಪ ಎಂದು ಮುಗಿಯುವ ಹೆಸರುಗಳು ಬೇಕಾದಷ್ಟಿವೆ, ಇದೂ ಒಂದಿರಬೇಕು ಎಂದುಕೊಂಡರು. ಅವತ್ತಿನಿಂದ ನಾವು ಯಾರೂ ಬೇರೆ ಹೆಸರು ಹಿಡಿದು ಕರೆದಿಲ್ಲ. ಇವರೂ ಬೇಸರಪಟ್ಟುಕೊಂಡಿಲ್ಲ. ಬೇಸರವಾದರೂ ಹೇಳುವವರಲ್ಲ.

ಮಾನ್ಯರೇ, ನಮ್ಮ ಉದ್ಯೋಗದ ಬಗ್ಗೆ ಒಂದು ಮಾತು. ನೀವು ದಿನಾ ಲಿಫ್ಟ್ ಹತ್ತುತ್ತೀರಿ. ಹತ್ತಿದ ಕೂಡಲೇ ಏನು ನೋಡುತ್ತೀರಿ? ಕನ್ನಡಿ. ತಲೆ ಸರಿಮಾಡಿಕೊಳ್ಳುತ್ತೀರಿ. ಇಲ್ಲವೇ ಮೇಲೆ ಬದಲಾಗುವ ಅಂಕಿಗಳನ್ನು ನೋಡುತ್ತೀರಿ. ಗುರುತಿಲ್ಲದ ಐದು ಜನರ ಜೊತೆ ಒಂದು ಪೆಟ್ಟಿಗೆಯೊಳಗೆ ನಿಂತು, ಅದನ್ನು ಯಾರು ಎಳೆಯುತ್ತಿದ್ದಾರೆ, ಯಾತರಿಂದ ಎಳೆಯುತ್ತಿದ್ದಾರೆ ಎಂದು ಎಂದಾದರೂ ಕೇಳಿದ್ದೀರಾ? ಹಣ್ಣು ಕೊಳ್ಳುವಾಗ ಒಂದೊಂದನ್ನೂ ಒತ್ತಿ ನೋಡುವ ನಾವು, ಮನೆ ಬಾಡಿಗೆಗೆ ಕೊಡುವಾಗ ಬಾಡಿಗೆದಾರರ ವಂಶವನ್ನೇ ವಿಚಾರಿಸುವ ನಾವು, ಲಿಫ್ಟಿನ ಬಾಗಿಲು ತೆರೆದರೆ ಸುಮ್ಮನೆ ಒಳಗೆ ಹೋಗಿ ನಿಲ್ಲುತ್ತೇವೆ. ಗುಂಡಿಗಳ ಮೇಲೆ ಗೋಡೆಗೆ ಒಂದು ಚೌಕಟ್ಟು ಇರುತ್ತದೆ. ಅದರೊಳಗೆ ಒಂದು ಪ್ರಮಾಣಪತ್ರ. "ಈ ಲಿಫ್ಟನ್ನು ಪರೀಕ್ಷಿಸಲಾಗಿದೆ, ಬಳಕೆಗೆ ಸುರಕ್ಷಿತವಾಗಿದೆ." ಕೆಳಗೆ ಪರೀಕ್ಷೆ ಮಾಡಿದ ಮೆಕ್ಯಾನಿಕ್ ಸಹಿ. ಅದನ್ನು ಯಾರೂ ಓದುವುದಿಲ್ಲ. ಆದರೆ ಇಡೀ ಕಟ್ಟಡ ಮೇಲಕ್ಕೂ ಕೆಳಕ್ಕೂ ಹೋಗಿಬರುವುದು ಆ ಸಹಿಯ ಮೇಲೆ.

ಇಲ್ಲಿಗೆ ಮೊದಲ ಹಾಳೆ ಮುಗಿಯಿತು. ಎರಡನೆಯದನ್ನು ಮಗಳು ಅಚ್ಚು ಹಾಕಿಸಿ ಹಂಚುತ್ತಾಳೆ, ನೀವು ಮನೆಗೆ ಹೋಗಿ ಓದಿಕೊಳ್ಳಿ. ನಾನು ಹತ್ತೊಂಬತ್ತು ವರ್ಷದ ಹಿಂದಿನ ಒಂದು ಸಂಗತಿ ಹೇಳುತ್ತೇನೆ. ಅದನ್ನು ಕೇಳಿದರೆ ಕರ್ತವ್ಯನಿಷ್ಠೆ ಎಂದರೇನು ಎಂದು ಬೇರೆ ವಿವರಿಸಬೇಕಾಗಿಲ್ಲ.

ಆಗ ನಮ್ಮ ಕಂಪನಿಗೆ ಒಬ್ಬ ದೊಡ್ಡ ಗಿರಾಕಿ ಇದ್ದರು. ಕಟ್ಟಡ ಕಟ್ಟಿಸುವವರು. ನಾವು ಅವರನ್ನು ಧಣಿ ಎಂದೇ ಕರೆಯುತ್ತಿದ್ದೆವು. ಈಗ ಅವರು ತೀರಿಕೊಂಡಿದ್ದಾರೆ, ಆದ್ದರಿಂದ ಅವರ ಪಾಲಿನ ತಪ್ಪನ್ನೂ ಹೊರಲು ನಾನೊಬ್ಬನೇ ಉಳಿದಿದ್ದೇನೆ. ಅವರ ಹನ್ನೊಂದು ಕಟ್ಟಡಗಳ ಲಿಫ್ಟ್ ನಮ್ಮ ಕೈಯಲ್ಲಿತ್ತು. ಹನ್ನೆರಡನೆಯದು ಆರು ಅಂತಸ್ತಿನದು. ಕೆಳಗೆ ಅಂಗಡಿಗಳು, ನಡುವೆ ಕಚೇರಿಗಳು, ಐದನೇ ಅಂತಸ್ತಿನಲ್ಲಿ ಕಣ್ಣಿನ ಆಸ್ಪತ್ರೆ, ಆರರಲ್ಲಿ ಸಭಾಂಗಣ. ಭಾನುವಾರ ಉದ್ಘಾಟನೆ ಎಂದು ಸಾರಿಯಾಗಿತ್ತು. ಲಿಫ್ಟ್ ಮಾತ್ರ ಹೊಸದಲ್ಲ. ಎಲ್ಲೋ ಒಡೆದುಹಾಕಿದ ಹಳೆಯ ಕಟ್ಟಡದ್ದನ್ನು ಧಣಿ ಅಗ್ಗಕ್ಕೆ ತಂದಿದ್ದರು. ನಾವು ಅದಕ್ಕೆ ಬಣ್ಣ ಹೊಡೆದೆವು, ಆಳೆತ್ತರದ ಕನ್ನಡಿ ಕೂರಿಸಿದೆವು, ನೆಲಕ್ಕೆ ಕೆಂಪು ಹಾಸು ಹಾಕಿದೆವು. ನೋಡಿದವರಿಗೆ ಮದುವಣಗಿತ್ತಿಯ ಹಾಗೆ ಕಾಣಬೇಕು, ಹಾಗೆ ಮಾಡಿದೆವು.

ಗುರುವಾರ ಆಗಲ್ಲಪ್ಪನವರು ಪರೀಕ್ಷೆಗೆ ಹೋದರು. ಮೇಡಂಗೆ ಇದು ಗೊತ್ತಿರುವ ವಿಷಯ, ಉಳಿದವರಿಗಾಗಿ ಹೇಳುತ್ತೇನೆ. ಲಿಫ್ಟಿನ ಪೆಟ್ಟಿಗೆಯ ತಳದಲ್ಲಿ ಕಬ್ಬಿಣದ ಒಂದು ಹಿಡಿತ ಇರುತ್ತದೆ. ಮೇಲಿನ ಉಕ್ಕಿನ ಹಗ್ಗ ಕೈಕೊಟ್ಟು ಪೆಟ್ಟಿಗೆ ವೇಗವಾಗಿ ಇಳಿಯತೊಡಗಿದರೆ, ಆ ಹಿಡಿತ ಎರಡೂ ಬದಿಯ ಕಂಬಿಗಳನ್ನು ಕಚ್ಚಿ ತಕ್ಷಣ ನಿಲ್ಲಿಸಬೇಕು. ಇವರು ಆರು ಜನರ ತೂಕದ ಮರಳಿನ ಚೀಲಗಳನ್ನು ತುಂಬಿಸಿ ಪರೀಕ್ಷೆ ಮಾಡಿದರು. ಮೊದಲ ಸಲ ಪೆಟ್ಟಿಗೆ ಒಂದು ಆಳುದ್ದ ಜಾರಿ ನಿಂತಿತು. ಎರಡನೇ ಸಲ ಇನ್ನೂ ಸ್ವಲ್ಪ ಹೆಚ್ಚು ಜಾರಿತು. ಹಗ್ಗ ನೋಡಿದರೆ ಅಲ್ಲಲ್ಲಿ ಎಳೆ ಕಿತ್ತು ಮೀಸೆಯ ಹಾಗೆ ನಿಂತಿತ್ತು. ಸಂಜೆ ಕಚೇರಿಗೆ ಬಂದು ಕೈ ಒರೆಸಿಕೊಂಡು ನನ್ನ ಮೇಜಿನ ಮುಂದೆ ನಿಂತರು.

"ಸಾರ್, ಹಗ್ಗ ಬದಲಾಯಿಸಬೇಕು, ಹಿಡಿತಾನೂ ಬದಲಾಯಿಸಬೇಕು. ಸಾಮಾನು ಬರೋಕೆ ಹತ್ತು ದಿನ ಬೇಕು."

"ಭಾನುವಾರ ಉದ್ಘಾಟನೆ ಇದೆ."

"ಉದ್ಘಾಟನೆ ಮಾಡ್ಲಿ ಸಾರ್. ಮೆಟ್ಟಿಲು ಚೆನ್ನಾಗಿದೆ, ಅಗಲವಾಗಿ ಕಟ್ಟಿದಾರೆ."

"ಈಗ ಸಹಿ ಹಾಕಿ, ಸೋಮವಾರವೇ ಹಗ್ಗ ತರಿಸೋಣ. ಒಂದು ದಿನದ ಮಾತು."

"ಆಗಲ್ಲ ಸಾರ್."

"ಹನ್ನೊಂದು ಕಟ್ಟಡ ಕೈಬಿಟ್ಟು ಹೋಗುತ್ತೆ. ನಿಮಗೆ ಅರ್ಥ ಆಗ್ತಿದೆಯಾ?"

"ಅರ್ಥ ಆಗುತ್ತೆ ಸಾರ್. ಸಹಿ ಆಗಲ್ಲ."

ನಾನು ಈಗ ನಿಮ್ಮೆದುರು ನನ್ನ ಪರವಾಗಿ ಬಡತನ, ಸಾಲ, ಸಂಸಾರದ ಕಷ್ಟ ಎಂದೆಲ್ಲ ಹೇಳಬಹುದಿತ್ತು. ಕೇಳಿದವರು ಅಯ್ಯೋ ಪಾಪ ಅನ್ನುತ್ತಿದ್ದರು. ಆದರೆ ಆಗ ನನಗೆ ಅಂಥ ಕಷ್ಟವೇನೂ ಇರಲಿಲ್ಲ. ಹೊಟ್ಟೆ ತುಂಬಿತ್ತು, ಸ್ವಲ್ಪ ಮುಂದಕ್ಕೂ ಬಂದಿತ್ತು. ನನಗೆ ಇದ್ದದ್ದು ಒಂದು ಕುರ್ಚಿಯ ಆಸೆ. ಉದ್ಘಾಟನೆಯ ದಿನ ವೇದಿಕೆಯ ಮೇಲೆ, ಊರಿನ ದೊಡ್ಡವರ ಸಾಲಿನಲ್ಲಿ ನನಗೂ ಒಂದು ಕುರ್ಚಿ ಹಾಕಿಸುವುದಾಗಿ ಧಣಿ ಮಾತು ಕೊಟ್ಟಿದ್ದರು. ಅಷ್ಟು ವರ್ಷ ನಾನು ವೇದಿಕೆಗಳನ್ನು ಕೆಳಗಿನಿಂದ ನೋಡಿದವನು. ಮೇಲಿನಿಂದ ಸಭೆ ಹೇಗೆ ಕಾಣುತ್ತದೆ ಎಂದು ನೋಡುವ ಬಯಕೆ. ಈಗ ನೋಡುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ಇಬ್ಬರು ನಿದ್ದೆ ಮಾಡುತ್ತಿದ್ದಾರೆ.

ಇರಲಿ. ಶನಿವಾರ ಪ್ರಮಾಣಪತ್ರಕ್ಕೆ ಸಹಿ ಬಿತ್ತು. ಹೇಗೆ ಬಿತ್ತು ಎಂದು ಕೇಳಬೇಡಿ, ಬಿತ್ತು. ಅದನ್ನು ಚೌಕಟ್ಟು ಹಾಕಿಸಿ ಲಿಫ್ಟಿನೊಳಗೆ ತೂಗುಹಾಕಿಸಿದ್ದೂ ಆಯಿತು. ಮೊದಲ ಸುತ್ತಿಗೆ ಯಾರು ಯಾರು ಹತ್ತಬೇಕು ಎಂದು ಧಣಿ ಪಟ್ಟಿ ಮಾಡಿಸಿದ್ದರು. ಧಣಿ, ಅವರ ಮನೆಯವರು ಮೂವರು, ಕಣ್ಣಿನ ಡಾಕ್ಟರು, ಮತ್ತು ನನ್ನ ತಾಯಿ. ಮಗ ವೇದಿಕೆಯ ಮೇಲೆ ಕೂರುವುದನ್ನು ಅಮ್ಮ ನೋಡಲಿ, ಲಿಫ್ಟಿನಲ್ಲಿ ಗತ್ತಾಗಿ ಮೇಲಕ್ಕೆ ಹೋಗಲಿ ಎಂದು ನಾನೇ ಕೇಳಿ ಅವರ ಹೆಸರು ಸೇರಿಸಿದ್ದೆ. ಅಮ್ಮನಿಗೆ ಆಗ ಎಪ್ಪತ್ತೈದು. ಒಟ್ಟು ಆರು ಜನ. ಆರು ಜನರ ತೂಕದ ಮರಳಿನ ಚೀಲಗಳ ವಿಷಯ ನನಗೆ ಆಗ ನೆನಪಾಗಲೇ ಇಲ್ಲ. ಇದನ್ನು ನೀವು ನಂಬಬೇಕು. ನಂಬಿದರೆ ನನಗೆ ಇನ್ನೂ ನಾಚಿಕೆ.

ಭಾನುವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಲಿಫ್ಟಿನ ಬಾಗಿಲಿಗೆ ಅಡ್ಡಲಾಗಿ ಒಂದು ರಟ್ಟು ನೇತಾಡುತ್ತಿತ್ತು. ಅದರ ಮೇಲೆ "ಕೆಟ್ಟಿದೆ" ಎಂದು ದಪ್ಪಗೆ ಬರೆದಿತ್ತು. ಯಂತ್ರದ ಕೋಣೆಗೆ ಬೀಗ ಬಿದ್ದಿತ್ತು. ಬೀಗದ ಕೈ ಆಗಲ್ಲಪ್ಪನವರ ಜೇಬಿನಲ್ಲಿತ್ತು. ಅವರು ಮೆಟ್ಟಿಲ ಬುಡದಲ್ಲಿ ಒಗೆದ ಅಂಗಿ ಹಾಕಿಕೊಂಡು, ಒಂದು ತಂಬಿಗೆ ನೀರು, ನಾಲ್ಕು ಲೋಟ ಇಟ್ಟುಕೊಂಡು ಮದುವೆ ಮನೆಯವರ ಹಾಗೆ ನಿಂತಿದ್ದರು.

ಧಣಿ ಕೂಗಾಡಿದರು. ನಾನು ಬೇಡಿಕೊಂಡೆ, ಆಮೇಲೆ ಹೆದರಿಸಿದೆ. ಅವರು ಯಾರಿಗೂ ಎದುರಾಡಲಿಲ್ಲ. ಕೇಳಿದವರಿಗೆಲ್ಲ "ಕೆಟ್ಟಿದೆ, ನಿಧಾನಕ್ಕೆ ಹತ್ತಿ" ಎಂದರು. ಅತಿಥಿಗಳು ಆರು ಅಂತಸ್ತು ಹತ್ತಿದರು. ಉದ್ಘಾಟನೆ ಮಾಡಬೇಕಾದ ಗಣ್ಯರು ಮೂರನೇ ಅಂತಸ್ತಿನಲ್ಲಿ ಕೂತು, ಅಲ್ಲೇ ಒಂದು ಬಾಗಿಲಿಗೆ ಕಟ್ಟಿದ್ದ ಟೇಪು ಕತ್ತರಿಸಿ, "ಇದೇ ಸಾಕು, ಮೇಲಿನದನ್ನೂ ಇದರಲ್ಲೇ ಸೇರಿಸಿಕೊಳ್ಳಿ" ಎಂದು ಇಳಿದುಹೋದರು. ನನ್ನ ಕುರ್ಚಿ ಆರನೇ ಅಂತಸ್ತಿನಲ್ಲಿತ್ತು. ಖಾಲಿ ಸಭಾಂಗಣದಲ್ಲಿ ಅದರ ಮೇಲೆ ಐದು ನಿಮಿಷ ಕೂತು ಎದ್ದು ಬಂದೆ.

ಅಮ್ಮ ಎರಡನೇ ಅಂತಸ್ತಿನ ತಿರುವಿನಲ್ಲಿ ಸುಸ್ತಾಗಿ ಕೂತರಂತೆ. ಆಗಲ್ಲಪ್ಪನವರು ನೀರು ಕೊಟ್ಟು ಪಕ್ಕದ ಮೆಟ್ಟಿಲ ಮೇಲೆ ಕೂತರಂತೆ. ಅಮ್ಮ, "ಏನಪ್ಪಾ ಆಯ್ತು ಯಂತ್ರಕ್ಕೆ?" ಎಂದು ಕೇಳಿದರಂತೆ. ಇವರು, "ಸ್ವಲ್ಪ ಹಠ ಮಾಡ್ತಿದೆ ಅಮ್ಮ, ಹೇಳಿದ ಮಾತು ಕೇಳ್ತಿಲ್ಲ" ಎಂದರಂತೆ. ಅಮ್ಮ, "ಹಾಗಾದ್ರೆ ನನ್ನ ಮಗನ ಜಾತಿಯದೇ" ಎಂದು ನಕ್ಕರಂತೆ. ಇಬ್ಬರೂ ಒಂದು ಗಂಟೆ ಅಲ್ಲೇ ಕೂತು ಮಂಡಿನೋವಿನ ವಿಷಯ ಮಾತಾಡಿದ್ದಾರೆ. ಇವರು ಯಾಕೆ ಬೀಗ ಹಾಕಿದರು ಎಂಬುದು ನನ್ನ ತಾಯಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಇವರು ಹೇಳಲಿಲ್ಲ. ನಾನಂತೂ ಹೇಳುವವನಲ್ಲ.

ಇಷ್ಟು ಕೇಳಿದ ಮೇಲೆ ನಿಮಗೆ ಏನನ್ನಿಸುತ್ತದೆ? ಮರುದಿನ ನಾನು ಇವರ ಕೈ ಹಿಡಿದು, "ನನ್ನ ಕಣ್ಣು ತೆರೆಸಿದಿರಿ" ಎಂದಿರಬೇಕು ಎಂದು ಅನ್ನಿಸುತ್ತದೆ. ಒಳ್ಳೆಯ ಕಥೆಗಳಲ್ಲಿ ಹಾಗೇ ಆಗುತ್ತದೆ. ಮರುದಿನ ನಾನು ಇವರನ್ನು ಕೆಲಸದಿಂದ ತೆಗೆದುಹಾಕಿದೆ. ಹನ್ನೆರಡು ವರ್ಷ "ನೀವು" ಎಂದು ಕರೆದವರಿಗೆ ಅವತ್ತು ಮೊದಲ ಸಲ ಏಕವಚನ ಬಳಸಿದೆ. "ನಡಿ ಆಚೆಗೆ" ಎಂದೆ. ಇವರು ಸ್ಪ್ಯಾನರ್ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, ಒಳಗೆ ಏನೇನಿದೆ ಎಂದು ಒಂದೊಂದಾಗಿ ತೋರಿಸಿ, "ಹದಿನಾಲ್ಕರ ಸ್ಪ್ಯಾನರ್ ಸವೆದಿದೆ, ಹೊಸದು ತರಿಸಿಕೊಳ್ಳಿ ಸಾರ್" ಎಂದು ಹೇಳಿ ಹೋದರು. ನನಗೆ ಅವಮಾನ ಮಾಡುವ ಉದ್ದೇಶ ಅವರಿಗೆ ಇರಲಿಲ್ಲ. ಆದರೂ ಅವಮಾನವಾಯಿತು.

ಆ ಲಿಫ್ಟ್ ಏನಾಯಿತು? ಅದು ಬೀಳಲಿಲ್ಲ. ಧಣಿಯ ಕೂಗಾಟದಲ್ಲಿ ಹಗ್ಗದ ವಿಷಯ ಕೇಳಿಸಿಕೊಂಡಿದ್ದ ಕಣ್ಣಿನ ಡಾಕ್ಟರು, "ಹಗ್ಗ ಬದಲಾಯಿಸೋವರೆಗೆ ನನ್ನ ರೋಗಿಗಳು ಇದರಲ್ಲಿ ಬರೋದಿಲ್ಲ" ಎಂದು ಹಟ ಹಿಡಿದರು. ಧಣಿ ಬೈದುಕೊಂಡೇ ಎರಡೂ ಸಾಮಾನು ತರಿಸಿದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಎಷ್ಟೋ ಮುದುಕರು, ಮುದುಕಿಯರು ಅದರಲ್ಲಿ ಹತ್ತಿಳಿದರು, ಇವತ್ತಿಗೂ ಹತ್ತಿಳಿಯುತ್ತಿದ್ದಾರೆ. ಯಾರಿಗೂ ಏನೂ ಆಗಿಲ್ಲ. ಸಭಿಕರೇ, ಇದೇ ನಮ್ಮ ಉದ್ಯೋಗದ ಸಂಕಟ. ಬೆಂಕಿ ಆರಿಸಿದವರಿಗೆ ಹಾರ ಹಾಕುತ್ತೀರಿ. ನೀರಿಗೆ ಬಿದ್ದವರನ್ನು ಎತ್ತಿದವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಏನೂ ಆಗದ ಹಾಗೆ ನೋಡಿಕೊಂಡವರಿಗೆ ಯಾರು ಹಾರ ಹಾಕುತ್ತಾರೆ? ಏನೂ ಆಗಿಯೇ ಇಲ್ಲವಲ್ಲ. ನಾನು ಅವರಿಗೆ ಕೊಟ್ಟದ್ದು ಕೆಲಸದಿಂದ ತೆಗೆದ ಪತ್ರ.

ಧಣಿಯ ಹನ್ನೊಂದು ಕಟ್ಟಡ ಹೇಗೂ ಹೋದವು. ಅದಕ್ಕಿಂತ ದೊಡ್ಡ ಪೆಟ್ಟು ನನ್ನ ಮನೆಯಲ್ಲೇ ಕಾದಿತ್ತು. ನಾವು ಇರುವುದು ನಾಲ್ಕನೇ ಅಂತಸ್ತಿನಲ್ಲಿ. ಆ ಲಿಫ್ಟ್ ನಮ್ಮ ಕಂಪನಿಯದೇ. ಆ ವರ್ಷದ ಪರೀಕ್ಷೆಯನ್ನು ಹೊಸ ಮೆಕ್ಯಾನಿಕ್ ಮಾಡಿದರು, ಪ್ರಮಾಣಪತ್ರಕ್ಕೆ ನಾನೇ ಸಹಿ ಹಾಕಿದೆ. ಒಂದು ದಿನ ಬೇಗ ಮನೆಗೆ ಬಂದೆ. ನನ್ನ ಹೆಂಡತಿ ಎರಡು ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು.

"ಲಿಫ್ಟ್ ಕೆಟ್ಟಿದೆಯಾ?"

"ಇಲ್ಲ, ಓಡ್ತಿದೆ."

"ಮತ್ತೆ?"

ಅವಳು ತಿರುವಿನಲ್ಲಿ ಚೀಲ ಇಳಿಸಿ ಉಸಿರು ತೆಗೆದುಕೊಂಡಳು. "ಒಳಗಿರೋ ಕಾಗದಕ್ಕೆ ಸಹಿ ಹಾಕಿರೋರು ಯಾರು?"

"ನಾನೇ."

"ಅದಕ್ಕೇ ಹತ್ತುತ್ತಿದೀನಿ" ಎಂದು ಚೀಲ ಎತ್ತಿಕೊಂಡಳು.

ಮಾನ್ಯರೇ, ಇಪ್ಪತ್ತು ವರ್ಷ ಜೊತೆಗೆ ಬಾಳಿದವಳು. ನನ್ನ ಅಡುಗೆ ತಿಂದಿದ್ದಾಳೆ, ನಾನು ಓಡಿಸುವ ಸ್ಕೂಟರಿನ ಹಿಂದೆ ಕೂತಿದ್ದಾಳೆ. ಆಗಲ್ಲಪ್ಪನವರನ್ನು ತೆಗೆದುಹಾಕಿದ ಮೇಲೆ ನಾನು ಸಹಿ ಹಾಕಿದ ಲಿಫ್ಟ್ ಮಾತ್ರ ಹತ್ತುವುದಿಲ್ಲ. ಬೈದಿದ್ದರೆ ನಾನೂ ತಿರುಗಿಸಿ ಏನಾದರೂ ಹೇಳುತ್ತಿದ್ದೆ. ಅವಳು ಬೈಯಲಿಲ್ಲ, ದಿನಾ ನಾಲ್ಕು ಅಂತಸ್ತು ಹತ್ತಿದಳು. ಲಿಫ್ಟ್ ಕಂಪನಿಯವರ ಹೆಂಡತಿಯೇ ಮೆಟ್ಟಿಲು ಹತ್ತುವುದನ್ನು ಅಕ್ಕಪಕ್ಕದವರು ನೋಡಿದರು. ಮೊದಲು ಮೂರನೇ ಅಂತಸ್ತಿನ ಶಿಕ್ಷಕಿ ಮೆಟ್ಟಿಲು ಹಿಡಿದರು, ಆಮೇಲೆ ಐದನೆಯದರ ವಕೀಲರು. ಎರಡು ತಿಂಗಳಲ್ಲಿ ನಮ್ಮ ಕಟ್ಟಡದ ಜನರೆಲ್ಲ ತೆಳ್ಳಗಾದರು. ಬೇರೆ ಕಟ್ಟಡಗಳಿಂದ ಫೋನ್ ಬರತೊಡಗಿತು. "ಪರೀಕ್ಷೆಗೆ ಆಗಲ್ಲಪ್ಪನವರು ಬರ್ತಾರಾ?" "ಅವರು ಈಗ ಇಲ್ಲ." "ಹಾಗಾದ್ರೆ ಯೋಚನೆ ಮಾಡಿ ಹೇಳ್ತೀವಿ." ಯೋಚನೆ ಮಾಡಿದವರು ಯಾರೂ ಮತ್ತೆ ಫೋನ್ ಮಾಡಲಿಲ್ಲ. ಗಿರಾಕಿಗಳು ನನ್ನ ಕಂಪನಿಯ ಬೋರ್ಡು ನೋಡಿ ಬರುತ್ತಾರೆ ಎಂದು ನಾನು ತಿಳಿದಿದ್ದೆ. ಅವರು ಬರುತ್ತಿದ್ದದ್ದು "ಆಗಲ್ಲಪ್ಪ" ಎನ್ನುವ ಒಂದು ಬಾಯಿಗೆ. ಆ ಬಾಯಿ ಆಗುತ್ತದೆ ಎಂದಾಗ ಮಾತ್ರ ಅವರಿಗೆ ಧೈರ್ಯ.

ಎಂಟು ತಿಂಗಳಾದ ಮೇಲೆ ನಾನು ಇವರನ್ನು ಹುಡುಕಿಕೊಂಡು ಹೋದೆ. ಪಶ್ಚಾತ್ತಾಪದಿಂದ ಹೋದೆ ಎಂದು ಮಗಳು ಬರೆದಿದ್ದಾಳೆ. ವ್ಯಾಪಾರ ಅರ್ಧಕ್ಕೆ ಇಳಿದಿತ್ತು, ಅದಕ್ಕೆ ಹೋದೆ. ಇವರು ಒಂದು ಓಣಿಯ ಮೂಲೆಯಲ್ಲಿ ಹೊಲಿಗೆ ಯಂತ್ರ ದುರಸ್ತಿ ಮಾಡುವ ಅಂಗಡಿಯಲ್ಲಿದ್ದರು. ನಾಲ್ಕು ಹೆಜ್ಜೆಯ ಅಂಗಡಿ. ಗೋಡೆ ತುಂಬ ಯಂತ್ರದ ಚಕ್ರಗಳು, ನೆಲದ ಮೇಲೆ ಎಣ್ಣೆಯ ಡಬ್ಬಿ. ಒಬ್ಬ ದರ್ಜಿ ತನ್ನ ಯಂತ್ರ ಇವತ್ತೇ ಬೇಕು ಎಂದು ಜಗಳವಾಡುತ್ತಿದ್ದರು. ಇವರು "ಆಗಲ್ಲಪ್ಪ" ಎನ್ನುತ್ತಿದ್ದರು. ಆ ದನಿ ಕೇಳಿ ನನಗೆ ಹೋದ ಜೀವ ಬಂದ ಹಾಗಾಯಿತು.

ದರ್ಜಿ ಹೋದ ಮೇಲೆ ನನಗೆ ಒಂದು ಸ್ಟೂಲು ಒರೆಸಿ ಕೊಟ್ಟರು. ನಾನು ತಯಾರು ಮಾಡಿಕೊಂಡು ಹೋದ ಮಾತು ಆಡಿದೆ. "ಆದದ್ದು ಆಯಿತು. ನೋಡಿ, ಅದು ಬೀಳಲೂ ಇಲ್ಲ. ಹಳೆಯದನ್ನು ಇಬ್ಬರೂ ಮರೆತುಬಿಡೋಣ."

ಇವರು ಹೇಳಿದರು, "ಬೀಳಲಿಲ್ಲ ಅನ್ನೋದು ನಿಜ ಸಾರ್. ಸರಿ ಇತ್ತು ಅನ್ನೋದು ನಿಜ ಅಲ್ಲ."

ಆಮೇಲೆ ಒಳಗೆ ಹೋಗಿ ಒಂದು ಚೌಕಟ್ಟು ತಂದು ನನ್ನ ತೊಡೆಯ ಮೇಲಿಟ್ಟರು. ಅದೇ ಕಟ್ಟಡದ ಪ್ರಮಾಣಪತ್ರ. ಉದ್ಘಾಟನೆಯ ದಿನ ಬೆಳಿಗ್ಗೆ ಲಿಫ್ಟಿನೊಳಗಿಂದ ಕಳಚಿ ತಂದಿದ್ದರು. ಕೆಳಗಿದ್ದ ಸಹಿಯನ್ನು ಬೆರಳಿಟ್ಟು ತೋರಿಸಿದರು.

"ನನ್ನ ಸಹಿಯ ಬಾಲ ಮೇಲಕ್ಕೆ ಹೋಗುತ್ತೆ ಸಾರ್. ನೀವು ಕೆಳಕ್ಕೆ ಎಳೆದಿದೀರಿ. ಲಿಫ್ಟಿನವರು ನಾವು, ಮೇಲೆ ಕೆಳಗೆ ಅನ್ನೋದಾದ್ರೂ ತಪ್ಪಬಾರದಿತ್ತು."

ನೀವು ನಗುತ್ತಿದ್ದೀರಿ. ನಾನೂ ಆವತ್ತು ನಗಲು ನೋಡಿದೆ.

ಸರಿ. ಇದನ್ನು ಇವತ್ತು ಹೇಳಬೇಕೆಂದು ನಾನು ಬಂದಿರಲಿಲ್ಲ. ಶನಿವಾರ ಸಹಿ ಹೇಗೆ ಬಿತ್ತು ಎಂದು ಕೇಳಬೇಡಿ ಎಂದೆನಲ್ಲ, ಹೀಗೆ ಬಿತ್ತು. ಕಚೇರಿಯ ಬಾಗಿಲು ಹಾಕಿಕೊಂಡು, ಹಳೆಯ ಪ್ರಮಾಣಪತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು, ರದ್ದಿ ಹಾಳೆಯ ಮೇಲೆ ಏಳೆಂಟು ಸಲ ಬರೆದು ನೋಡಿ, ನಾನೇ ಇವರ ಹೆಸರಿನಲ್ಲಿ ಸಹಿ ಹಾಕಿದೆ. ನನ್ನ ಕುರ್ಚಿಗಾಗಿ ಇವರ ಹೆಸರು ಕದ್ದೆ. ಆ ಲಿಫ್ಟ್ ಬಿದ್ದಿದ್ದರೆ ಜನ ಯಾರನ್ನು ಹಿಡಿಯುತ್ತಿದ್ದರು? ಕಾಗದದ ಮೇಲೆ ಯಾರ ಹೆಸರಿತ್ತೋ ಅವರನ್ನು. ಇವರು ಅದನ್ನು ನೋಡಿದ ಮೇಲೂ ಕೂಗಾಡಲಿಲ್ಲ, ರಟ್ಟಿನ ಮೇಲೆ ಒಂದು ಪದ ಬರೆದು ತೂಗುಹಾಕಿದರು. ಕೆಲಸ ಹೋದಾಗಲೂ ಬಾಯಿ ಬಿಡಲಿಲ್ಲ.

ಮೇಡಂ, ನೀವು ನೀರು ಕುಡಿಯಿರಿ. ಇನ್ನು ಸ್ವಲ್ಪವೇ ಇದೆ.

ವಾಪಸ್ ಬರಲು ಇವರು ಒಪ್ಪಿದರು. ಸಂಬಳ ಹೆಚ್ಚಿಸಿ ಎನ್ನಲಿಲ್ಲ, ಕ್ಷಮೆ ಕೇಳಿ ಎಂದೂ ಅನ್ನಲಿಲ್ಲ. ಎರಡು ಷರತ್ತು ಹಾಕಿದರು. ಒಂದು, ಪ್ರತಿ ಪ್ರಮಾಣಪತ್ರದಲ್ಲಿ ಇವರ ಸಹಿಯ ಕೆಳಗೆ ನಾನೂ ಸಹಿ ಮಾಡಬೇಕು. "ನಿಮ್ಮ ಹೆಸರಲ್ಲೂ ಸಹಿ ಮಾಡೋ ಅಭ್ಯಾಸ ಇರ್ಲಿ ಸಾರ್" ಎಂದರು. ಎರಡು, ಪರೀಕ್ಷೆ ಮುಗಿದ ಪ್ರತಿ ಲಿಫ್ಟಿನಲ್ಲಿ ಮೊದಲ ಸುತ್ತು ನಾವಿಬ್ಬರೇ ಹೋಗಿಬರಬೇಕು. ಹದಿನೆಂಟು ವರ್ಷ ಹಾಗೇ ನಡೆದುಕೊಂಡು ಬಂದಿದೆ. ಎಷ್ಟು ನೂರು ಲಿಫ್ಟಿನಲ್ಲಿ ನಾವಿಬ್ಬರು ಜೋಡಿಯಾಗಿ ಹತ್ತಿಳಿದೆವೋ ಲೆಕ್ಕವಿಲ್ಲ. ಆಮೇಲಾಮೇಲೆ ನನಗೂ ಹಗ್ಗದ ಬಗ್ಗೆ, ಹಿಡಿತದ ಬಗ್ಗೆ ಎಲ್ಲಿಲ್ಲದ ಆಸಕ್ತಿ ಹುಟ್ಟಿತು. "ಇನ್ನೊಂದು ಸಲ ಪರೀಕ್ಷೆ ಮಾಡಿಬಿಡೋಣವಾ?" ಎಂದು ನಾನೇ ಕೇಳುತ್ತಿದ್ದೆ. ಇದನ್ನು ಪ್ರಾಮಾಣಿಕತೆ ಎನ್ನುತ್ತಾರೋ, ಜೀವಭಯ ಎನ್ನುತ್ತಾರೋ, ತಿಳಿದವರು ಹೇಳಲಿ. ನನ್ನ ಹೆಂಡತಿ ಒಂದು ವರ್ಷ ಕಾದು ನೋಡಿ ಆಮೇಲೆ ಲಿಫ್ಟ್ ಹತ್ತಿದಳು.

ಕಳೆದ ವಾರ ಇವರು ಕೆಲಸ ಒಪ್ಪಿಸಲು ಬಂದರು. ಕೀಲಿಗಳು, ಪರೀಕ್ಷೆಯ ಪುಸ್ತಕಗಳು ಎಲ್ಲ ಕೊಟ್ಟ ಮೇಲೆ ಒಂದು ಲಕೋಟೆ ಕೊಟ್ಟರು. ಒಳಗೆ ಆ ಪ್ರಮಾಣಪತ್ರ. "ಇದು ನಿಮ್ಮದು ಸಾರ್" ಎಂದರು. ಇಷ್ಟು ವರ್ಷ ನಾನು ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳಿದೆ. "ಇದನ್ನು ಇಲಾಖೆಯವರಿಗೆ ಯಾಕೆ ತೋರಿಸಲಿಲ್ಲ?"

ಇವರು ಮೇಜಿನ ಮೇಲಿನ ಕೀಲಿಗಳನ್ನು ಸಾಲಾಗಿ ಜೋಡಿಸುತ್ತ ಹೇಳಿದರು, "ತೋರಿಸಿದ್ರೆ ಕಂಪನಿ ಮುಚ್ಚಿಹೋಗ್ತಿತ್ತು. ಇಪ್ಪತ್ತೆರಡು ಜನ ಇದ್ರು. ಅವರ ಮುಖ ನೋಡಿ ಸುಮ್ಮನಾದೆ. ಆದ್ರೆ ಸುಮ್ಮನಿದ್ದದ್ದು ಸರಿ ಅಂತ ನನಗೆ ಒಂದು ದಿನಾನೂ ಅನ್ನಿಸಿಲ್ಲ ಸಾರ್. ಕೆಟ್ಟಿರೋದು ಲಿಫ್ಟ್ ಅಂತ ಬರೆದು ಹಾಕಿದೆ. ಕೆಟ್ಟಿದ್ದು ಅದೊಂದೇ ಅಲ್ಲ ಅಂತ ನನಗೆ ಗೊತ್ತಿತ್ತು. ಜನ ನನ್ನನ್ನು ನಂಬ್ತಾರೆ. ನಂಬಿದಾಗೆಲ್ಲ ಇದು ನೆನಪಾಗುತ್ತೆ."

ಸಭಿಕರೇ, ನಾನು ಸುಳ್ಳು ಸಹಿ ಹಾಕಿ ಹತ್ತೊಂಬತ್ತು ವರ್ಷ ಚೆನ್ನಾಗಿ ನಿದ್ದೆ ಮಾಡಿದೆ. ನಿದ್ದೆ ಕೆಟ್ಟದ್ದು ಇವರದ್ದು. ನನ್ನ ಪಾಲಿನ ಭಾರವನ್ನೂ ಇವರ ಮೇಲೆ ಹೊರಿಸಿ, ಇವತ್ತು ಇವರಿಗೆ ಒಂದು ಗಡಿಯಾರ ಕೊಟ್ಟು, ಎರಡು ಹಾಳೆ ಓದಿ ಕಳಿಸಿಬಿಡುವುದು ನನ್ನ ಯೋಜನೆಯಾಗಿತ್ತು. ಲಕೋಟೆ ಬೆಳಿಗ್ಗೆಯಿಂದ ಜೇಬಿನಲ್ಲೇ ಇದೆ. ಮನೆಯಲ್ಲಿಟ್ಟರೆ ಯಾರಾದರೂ ನೋಡಿಯಾರು ಎಂದು ತಂದಿದ್ದೆ, ಇಲ್ಲಿ ಕೊಡಲು ತಂದದ್ದಲ್ಲ. ಮಾತು ನನ್ನನ್ನು ಇಲ್ಲಿಯವರೆಗೆ ಎಳೆದು ತಂದಿದೆ. ಇಲ್ಲಿಂದ ಹಿಂದಕ್ಕೆ ಹೋಗಲು ನನಗೆ ದಾರಿ ಕಾಣುತ್ತಿಲ್ಲ.

ಮೇಡಂ, ದಯವಿಟ್ಟು ಇದನ್ನು ತೆಗೆದುಕೊಳ್ಳಿ. ನಿಮ್ಮನ್ನು ಅತಿಥಿಯಾಗಿ ಕರೆದು ಕೆಲಸ ಹಚ್ಚುತ್ತಿದ್ದೇನೆ, ಕ್ಷಮಿಸಬೇಕು. ನಾಳೆ ಹತ್ತು ಗಂಟೆಗೆ ನಿಮ್ಮ ಕಚೇರಿಗೆ ಬಂದು ಹೇಳಿಕೆ ಬರೆದುಕೊಡುತ್ತೇನೆ. ಪರವಾನಗಿಗೆ ಏನು ಮಾಡಬೇಕೋ ಮಾಡಿ. ಕಂಪನಿಯಲ್ಲಿ ಈಗ ನಲವತ್ತು ಜನ ಇದ್ದಾರೆ, ಅವರಲ್ಲಿ ಯಾರಿಗೂ ಈ ಕಾಗದ ಗೊತ್ತಿಲ್ಲ. ಪರೀಕ್ಷೆಯ ಪುಸ್ತಕಗಳೆಲ್ಲ ಸರಿ ಇವೆ, ಬೇಕಾದರೆ ಪ್ರತಿಯೊಂದು ಲಿಫ್ಟನ್ನೂ ನೀವೇ ಮರಳು ತುಂಬಿಸಿ ನೋಡಿ. ತಪ್ಪು ನನ್ನ ಕೈಯದು, ಬೀಗ ನನ್ನ ಕೋಣೆಗೆ ಬೀಳಲಿ.

ಆಗಲ್ಲಪ್ಪನವರೇ, ನೀವು ತಲೆ ಬಗ್ಗಿಸಬೇಡಿ. ಅಂಗಡಿಯಲ್ಲಿ ನೀವು ಕೇಳದೇ ಬಿಟ್ಟದ್ದನ್ನು ಇಷ್ಟು ಜನರ ಎದುರು ನಾನಾಗಿ ಕೊಡುತ್ತಿದ್ದೇನೆ. ನನ್ನನ್ನು ಕ್ಷಮಿಸಿ. ಈಗಲೇ ಉತ್ತರ ಹೇಳಬೇಕಾಗಿಲ್ಲ, ನಿಮಗೆ ಹತ್ತು ದಿನ ಬೇಕಾದರೆ ತೆಗೆದುಕೊಳ್ಳಿ.

ಮುಗಿಸುತ್ತೇನೆ. ದೀರ್ಘ ಮಾತಿನಿಂದ ನನ್ನ ಕೆಲಸ ಸುಲಭ ಮಾಡಿಕೊಟ್ಟ ಅಧ್ಯಕ್ಷರಿಗೆ, ಲಕೋಟೆಯನ್ನು ಬೇಡ ಎನ್ನದೆ ಕೈಚೀಲಕ್ಕೆ ಹಾಕಿಕೊಂಡ ಮೇಡಂ ಅವರಿಗೆ, ಮಧ್ಯದಲ್ಲಿ ಎದ್ದುಹೋಗದ ನಿಮಗೆಲ್ಲರಿಗೂ ನಾನು ಋಣಿ. ಕಂಪನಿ ಬದಲಾಯಿಸಬೇಕು ಎನ್ನುವ ನಿವಾಸಿಗಳು ಸಂಕೋಚಪಡಬೇಡಿ, ನನ್ನ ಮಗಳು ಬಾಗಿಲ ಬಳಿ ನಿಂತಿರುತ್ತಾಳೆ, ಅವಳಿಗೆ ತಿಳಿಸಿ. ಊಟ ಸಿದ್ಧವಾಗಿದೆ ಎಂದು ಸನ್ನೆ ಮಾಡುತ್ತಿದ್ದಾರೆ. ಎಲ್ಲರೂ ನೆಮ್ಮದಿಯಾಗಿ ಊಟ ಮಾಡಿಕೊಂಡು ಹೋಗಬೇಕು. ನನಗೆ ಮಾತ್ರ ಬೇಗ ಹೊರಡಬೇಕಾಗಿದೆ. ಸಹಿಯ ಈ ವಿಷಯ ನನ್ನ ಹೆಂಡತಿಗೂ ನಿಮ್ಮ ಜೊತೆಯಲ್ಲೇ, ಈಗಲೇ ಗೊತ್ತಾದದ್ದು. ಅವಳು ಆಗಲೇ ಎದ್ದು ಬಾಗಿಲ ಬಳಿ ಹೋಗಿ ನಿಂತಿದ್ದಾಳೆ. ಮನೆಯಲ್ಲಿ ಇನ್ನೊಂದು ಸಭೆ ಇದೆ, ಅಲ್ಲಿ ನಾನು ಭಾಷಣಕಾರನಲ್ಲ.

ನಮಸ್ಕಾರ.